ಸಭೆಯ ಮುಂದೆ ಕೂರುವವರಿಗೆ

ಕೇಳುಗರೆಲ್ಲರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಸಭೆ ನಡೆಸುವುದು ಸುಲಭದ ಕೆಲಸವಲ್ಲ. ಕುಟುಂಬಶ್ರೀ ಮಹಿಳಾ ಸ್ವಸಹಾಯ ಘಟಕವಿರಲಿ, ಶಾಲೆಯ ಪಿಟಿಎ ಅಂದರೆ ಪೋಷಕ-ಶಿಕ್ಷಕರ ಸಂಘವಿರಲಿ, ಒಬ್ಬರು ಕನ್ನಡದಲ್ಲಿ ಶುರು ಮಾಡುತ್ತಾರೆ, ಇನ್ನೊಬ್ಬರು ಮಲಯಾಳದಲ್ಲಿ ಉತ್ತರ ಕೊಡುತ್ತಾರೆ, ಸಿಟ್ಟು ಬಂದರೆ ತುಳು. ಜೋರಾಗಿ ಮಾತಾಡಿದವರ ಮಾತೇ ನಿರ್ಣಯವಾಗುತ್ತದೆ. ಹಿಂದೆ ಕೂತವರಿಗೆ ಏನು ಹೇಳಲಿಕ್ಕಿತ್ತು ಅಂತ ಗೊತ್ತೇ ಆಗುವುದಿಲ್ಲ. ಇಂಥ ಸಭೆಯ ಮುಂದೆ ಕೂರುವವರಿಗೆ ಮಾತಿಗಿಂತ ಜಾಸ್ತಿ ಬೇಕಾದದ್ದು ಗಮನ.

ಅದನ್ನು ಬೆಳೆಸುವ ಅಭ್ಯಾಸ ನಮ್ಮ ಕಡೆ ಬಹಳ ಹಳೆಯದು. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಸುಮ್ನೆ ಗಮನಿಸಿ ಅಂತ ಬುದ್ಧ ಕಲಿಸಿದ. 1979ರಲ್ಲಿ ಜಾನ್ ಕಬಾಟ್ ಝಿನ್ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಇಂಥದ್ದೇ ಅಭ್ಯಾಸವನ್ನು ರೋಗಿಗಳಿಗೆ ಕಲಿಸತೊಡಗಿದರು. ಅದು 8 ವಾರಗಳ ತರಬೇತಿಯಾಗಿ ಬೆಳೆಯಿತು. ಮದ್ದಿಗೆ ಬಗ್ಗದ ನೋವಿನವರು ಬಂದು ಕೂತರು. ಮತ, ಮಂತ್ರ ಎಲ್ಲ ಬದಿಗಿಟ್ಟದ್ದರಿಂದ ಬೇರೆ ಬೇರೆ ಧರ್ಮದವರಿಗೆ ಬಂದು ಕೂರುವುದು ಸುಲಭವಾಯಿತು. ಅದು ದೊಡ್ಡ ಉಪಕಾರ. ಆಮೇಲೆ ಕಂಪನಿಗಳೂ ಇದನ್ನು ತೆಗೆದುಕೊಂಡವು.

ಅಲ್ಲೊಂದು ಮುಖ್ಯ ವಿಷಯ ಕೈಬಿಟ್ಟುಹೋಯಿತು ಅಂತ ನನಗೆ ಅನ್ನಿಸುತ್ತದೆ. ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ 10 ದಿನಗಳ ವಿಪಶ್ಯನ ಧ್ಯಾನ ಶಿಬಿರದಲ್ಲಿ ಮೊದಲು ಶೀಲ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಅಂತೆಲ್ಲ ಒಪ್ಪಿಕೊಂಡ ಮೇಲೆಯೇ ಉಸಿರು. ಈ ಅಭ್ಯಾಸ ಕಂಪನಿಗಳ ಕಚೇರಿಗೆ ಹೋಗುವಾಗ ಎಷ್ಟೋ ಕಡೆ ಉಸಿರು ಮಾತ್ರ ಉಳಿಯಿತು. ಕೆಲಸದ ಹೊರೆ ಇಳಿಸದೆ, ದುಡಿಯುವವರಿಗೆ ಮಾತ್ರ ಶಾಂತವಾಗಿರಿ ಅಂದರೆ ಅದು ನ್ಯಾಯವಾ?

ನಮ್ಮಲ್ಲೂ ಕೊರತೆ ಇದೆ. ಮುಂದೆ ಕೂತವರನ್ನು ಪ್ರಶ್ನೆ ಕೇಳುವ ರೂಢಿ ಕಡಿಮೆ. ದೊಡ್ಡವರು ಹೇಳಿದರು ಅಂದರೆ ಮುಗಿಯಿತು, ಅಲ್ವಾ? ಇದರಲ್ಲಿ ನಾವು ಪಶ್ಚಿಮದಿಂದ ಕಲಿಯಬೇಕು. ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಗ್ರೀನ್‌ಲೀಫ್, ನಾಯಕನಾಗುವವನು ಮೊದಲು ಸೇವಕನಾಗಿರಬೇಕು ಅಂತ 1970ರಲ್ಲಿ ಬರೆದರು. ಅವನಿಂದ ಸೇವೆ ಪಡೆದವರು ಬೆಳೆಯುತ್ತಿದ್ದಾರಾ ಅಂತ ನೋಡಿ ಅವನನ್ನು ಅಳೆಯಿರಿ ಅಂದರು.

ಗಮನ, ಸೇವೆ ಇವೆರಡೂ ಒಬ್ಬರಲ್ಲೇ ಸೇರಿದರೆ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ನೆನಪಾಗುವುದು ತೆಂಕುತಿಟ್ಟು ಯಕ್ಷಗಾನದ ಭಾಗವತರು. ಪದ ಹೇಳುತ್ತಾ, ಜಾಗಟೆ ಬಾರಿಸುತ್ತಾ, ವೇಷದ ಹೆಜ್ಜೆಯನ್ನೂ ಚೆಂಡೆಯ ಪೆಟ್ಟನ್ನೂ ಗಮನಿಸುತ್ತಿರುತ್ತಾರೆ. ಹೊಸ ಹುಡುಗ ತಡವರಿಸಿದರೆ ಅದೇ ಸಾಲನ್ನು ಇನ್ನೊಮ್ಮೆ ಹಾಡಿ ಸಮಯ ಕೊಡುತ್ತಾರೆ. ಆಟ ನಡೆಸುವವರು ಅವರೇ, ಕಣ್ಣು ಮಾತ್ರ ಸದಾ ಬೇರೆಯವರ ಮೇಲೆ.

ನಿಮ್ಮ ಮುಂದಿನ ಸಭೆಯಲ್ಲಿ ಹೀಗೆ ಮಾಡಿ ನೋಡಿ. ಮೊದಲ ಎರಡು ನಿಮಿಷ ಎಲ್ಲರೂ ಮಾತಿಲ್ಲದೆ ಉಸಿರು ಗಮನಿಸಿ. ಅಧ್ಯಕ್ಷರು ಕೊನೆಗೆ ಮಾತಾಡಲಿ. ತುಳುವಿನಲ್ಲಿ ಹೇಳಲು ಸುಲಭವಾದವರು ತುಳುವಿನಲ್ಲೇ ಹೇಳಲಿ. ನಿರ್ಣಯ ಬರೆಯುವ ಮೊದಲು, ಬಾಯಿ ತೆರೆಯದೆ ಕೂತ ಅಕ್ಕನ ಹತ್ತಿರ ಕೇಳಿ. ಸಭೆ ಮುಗಿದ ಮೇಲೆ, ನಾನು ನಡೆಸಿದ್ದರಲ್ಲಿ ಯಾವುದು ಸರಿಯಾಗಲಿಲ್ಲ ಅಂತಲೂ ಕೇಳಿ. ಉತ್ತರ ಬಂದರೆ ಸಮಜಾಯಿಷಿ ಬೇಡ, ಬರೆದುಕೊಳ್ಳಿ.

ನಮಸ್ಕಾರ.