ಲೋಸ್ ರಿಯೋಸ್: ನದಿಗಳ ಹೆಸರಿನ ಮೂರು ತಾಣಗಳು

ಗೆಳೆಯರೇ,

ಸ್ಪ್ಯಾನಿಷ್‌ನಲ್ಲಿ ‘ಲೋಸ್ ರಿಯೋಸ್’ ಎಂದರೆ ನದಿಗಳು. ಈಕ್ವೆಡಾರ್‌ನ ಒಂದು ಪ್ರಾಂತ್ಯಕ್ಕೆ, ಕ್ಯಾಲಿಫೋರ್ನಿಯಾದ ಒಂದು ಕಾಲೇಜು ಸಮೂಹಕ್ಕೆ, ಚಿಲಿಯ ಒಂದು ಆಡಳಿತ ಪ್ರದೇಶಕ್ಕೆ ಇದೇ ಹೆಸರು. ಮೂರಕ್ಕೂ ಸಮಪಾಲು ಕೊಡುವ ಉದ್ದೇಶ ನನಗಿಲ್ಲ. ನನ್ನ ಒಲವು ಚಿಲಿಯ ಕಡೆಗೆ. ಅಲ್ಲಿನ ಜನ ನದಿಗಳೊಡನೆ ಹೆಣಗಿದ್ದಾರೆ, ನದಿಗಳಿಗಾಗಿ ಬೀದಿಗೂ ಇಳಿದಿದ್ದಾರೆ.

ಮೊದಲು ಈಕ್ವೆಡಾರ್. 1860ರಲ್ಲಿ ರಚನೆಯಾದ ಈ ಪ್ರಾಂತ್ಯದ ರಾಜಧಾನಿ ಬಾಬಾಹೊಯೊ. ರೈಲು ಬರುವ ಮೊದಲು ಗ್ವಾಯಾಕಿಲ್ ಬಂದರಿನ ಸರಕು ದೋಣಿಯಲ್ಲಿ ಇಲ್ಲಿಗೆ ಬಂದು, ಹೇಸರಗತ್ತೆಗಳ ಬೆನ್ನೇರಿ ಆಂಡಿಸ್ ಹತ್ತಿ ದೇಶದ ರಾಜಧಾನಿ ಕೀಟೊಗೆ ಹೋಗುತ್ತಿತ್ತು. ಆ ನದಿಗಳಲ್ಲೇ ಕೋಕೋ ಕೆಳಗಿಳಿಯುತ್ತಿತ್ತು. ಚಾಕೊಲೇಟ್ ವ್ಯಾಪಾರಿಗಳು ಇಂದಿಗೂ ‘ಅರ್ರಿಬಾ’ ಎಂದು ಕರೆಯುವ ಕೋಕೋ ಇದೇ ಸೀಮೆಯದು; ಗ್ವಾಯಾಕಿಲ್‌ನಿಂದ ನದಿಯ ಮೇಲ್ಗಡೆ ಬೆಳೆದದ್ದು ಎಂಬುದರಿಂದ ಆ ಹೆಸರು. ವಿನ್ಸೆಸ್ ಊರಿನ ತೋಟದ ಧಣಿಗಳು ಕೋಕೋ ಹಣದಲ್ಲಿ ಪ್ಯಾರಿಸ್‌ನಲ್ಲಿ ಬಾಳಿದರು, ಊರಿಗೆ ‘ಪುಟ್ಟ ಪ್ಯಾರಿಸ್’ ಎಂಬ ಅಡ್ಡಹೆಸರು ಬಂತು. ಅಲ್ಲಿ ಈಗಲೂ ಐಫೆಲ್ ಗೋಪುರದ ಸಣ್ಣ ಪ್ರತಿಕೃತಿಯೊಂದಿದೆ. 1920ರ ದಶಕದಲ್ಲಿ ಕೋಕೋ ಗಿಡಗಳಿಗೆ ಶಿಲೀಂಧ್ರ ರೋಗ ತಗುಲಿ ಆ ವೈಭವ ಕುಸಿಯಿತು. ಧಣಿಗಳು ಪ್ಯಾರಿಸ್‌ನಲ್ಲಿ ಖರ್ಚು ಮಾಡುತ್ತಿದ್ದಾಗ ತೋಟದಲ್ಲಿ ಬೆವರು ಸುರಿಸಿದವರ ನೆನಪಿಗೆ ಅಂಥ ಗೋಪುರವನ್ನು ಯಾರೂ ಕಟ್ಟಿದಂತಿಲ್ಲ.

ಕ್ಯಾಲಿಫೋರ್ನಿಯಾದ್ದು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಸ್ಯಾಕ್ರಮೆಂಟೊ ನಗರದ ಸುತ್ತಲಿನ ಸಮುದಾಯ ಕಾಲೇಜುಗಳನ್ನು 1965ರಲ್ಲಿ ಲೋಸ್ ರಿಯೋಸ್ ಎಂಬ ಒಂದೇ ಆಡಳಿತದಡಿ ತಂದರು. ಈಗ ಅದರಲ್ಲಿ ನಾಲ್ಕು ಕಾಲೇಜುಗಳಿವೆ. ಎರಡಕ್ಕೆ ಅಮೆರಿಕನ್ ಮತ್ತು ಕೊಸುಮ್ನೆಸ್ ನದಿಗಳ ಹೆಸರು. ಇನ್ನೊಂದರ ಹೆಸರು ಫೋಲ್ಸಮ್ ಲೇಕ್. ಆ ಸರೋವರವೂ ಅಮೆರಿಕನ್ ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರೇ.

ಇನ್ನು ಚಿಲಿಗೆ ಬರೋಣ. ಲೋಸ್ ರಿಯೋಸ್‌ನ ರಾಜಧಾನಿ ವಾಲ್ಡಿವಿಯಾ 1552ರಲ್ಲಿ ಸ್ಥಾಪನೆಯಾದ ಊರು. ಕಾಯೆ-ಕಾಯೆ, ಕಾವ್-ಕಾವ್, ಕ್ರೂಸೆಸ್ ನದಿಗಳು ಅದನ್ನು ಬಳಸಿಕೊಂಡು ಹರಿಯುತ್ತವೆ. 1960ರ ಮೇ 22ರಂದು ಇಲ್ಲಿ 9.5 ತೀವ್ರತೆಯ ಭೂಕಂಪವಾಯಿತು. ಉಪಕರಣಗಳು ಅಳೆದಿರುವ ಭೂಕಂಪಗಳಲ್ಲೇ ಇದು ಅತಿ ದೊಡ್ಡದು. ಆದರೆ ನಿಜವಾದ ಗಂಡಾಂತರ ಮೇಲ್ಗಡೆ ಕಾದಿತ್ತು. ಗುಡ್ಡಗಳು ಜರಿದು, ರಿನ್ಯಿವೆ ಸರೋವರದಿಂದ ಹೊರಡುವ ಸಾನ್ ಪೆದ್ರೊ ನದಿಗೆ ಅಡ್ಡಬಿದ್ದವು. ಸರೋವರ ದಿನೇ ದಿನೇ ಏರತೊಡಗಿತು. ಆ ಮಣ್ಣಿನ ಗೋಡೆ ಒಡೆದರೆ ಕೆಳಗಿನ ಊರುಗಳು ಉಳಿಯುವಂತಿರಲಿಲ್ಲ. ಇದು ಬರೀ ಊಹೆಯಾಗಿರಲಿಲ್ಲ: 1575ರ ಭೂಕಂಪದಲ್ಲೂ ಹೀಗೇ ಕಟ್ಟಿಕೊಂಡ ನೀರು ಮರುವರ್ಷ ಒಡೆದು ನುಗ್ಗಿ ಬಹಳ ಜನರನ್ನು ಬಲಿ ತೆಗೆದುಕೊಂಡಿತ್ತು.

ರಾವುಲ್ ಸಾಯೆಸ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಬುಲ್ಡೋಜರ್‌ಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು, ಆದ್ದರಿಂದ ಜನ ಸಲಿಕೆ ಹಿಡಿದರು. ಆ ಮಣ್ಣಿನ ತಡೆಯ ಎತ್ತರವನ್ನು 24 ಮೀಟರ್‌ನಿಂದ 15 ಮೀಟರ್‌ಗೆ ಇಳಿಸಿ, ಜುಲೈ ಕೊನೆಯ ಹೊತ್ತಿಗೆ ನೀರು ನಿಧಾನವಾಗಿ ಹರಿದುಹೋಗಲು ದಾರಿ ಬಿಟ್ಟರು. ಪ್ರವಾಹ ಬಂದೇ ಬಂತು, ವಾಲ್ಡಿವಿಯಾದ ಬೀದಿಗಳಲ್ಲಿ ನೀರು ನಿಂತಿತು, ಆದರೆ 1576ರ ದುರಂತ ಮರುಕಳಿಸಲಿಲ್ಲ. ಈ ಇಪ್ಪತ್ತೊಂದನೆಯ ಶತಮಾನದಲ್ಲಿ ಅದೇ ಊರಿನ ಕಾವ್-ಕಾವ್ ನದಿಯ ಮೇಲೆ ಎತ್ತಿ ಇಳಿಸುವ ಸೇತುವೆ ಕಟ್ಟುವಾಗ ಹಲಗೆಯನ್ನೇ ತಿರುಗುಮುರುಗಾಗಿ ಕೂರಿಸಿದರು. ಸಲಿಕೆಯವರನ್ನೇ ಕರೆಯಬೇಕಿತ್ತೇನೋ!

ಭೂಕಂಪದಲ್ಲಿ ವಾಲ್ಡಿವಿಯಾದ ಸುತ್ತಲಿನ ನೆಲ ಸುಮಾರು ಎರಡು ಮೀಟರ್ ಕುಸಿದಿತ್ತು. ಕ್ರೂಸೆಸ್ ದಂಡೆಯ ಹೊಲ ಗೋಮಾಳಗಳು ಮುಳುಗಿ ಜೌಗಾದವು. ಅಲ್ಲಿ ಬೆಳೆದ ನೀರುಗಿಡಗಳಿಗೆ ಕಪ್ಪು ಕತ್ತಿನ ಹಂಸಗಳು ಸಾವಿರಗಟ್ಟಲೆ ಬಂದವು. 1981ರಲ್ಲಿ ಅದು ಚಿಲಿಯ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು. 2004ರಲ್ಲಿ ಮೇಲ್ಗಡೆ ಕಾಗದದ ತಿರುಳಿನ ಕಾರ್ಖಾನೆಯೊಂದು ಆರಂಭವಾದ ಕೆಲವೇ ತಿಂಗಳಲ್ಲಿ ನೀರುಗಿಡಗಳು ನಾಶವಾದವು. ಹಂಸಗಳು ಹಸಿದು ಸತ್ತವು, ಉಳಿದವು ಜಾಗ ಬಿಟ್ಟವು. ವಾಲ್ಡಿವಿಯಾದ ಜನ ಬೀದಿಗಿಳಿದರು.

ಅವರಿಗೆ ಚಳವಳಿ ಹೊಸತಲ್ಲ. 1974ರಲ್ಲಿ ಸೇನಾ ಸರ್ಕಾರ ಆಡಳಿತ ಗಡಿಗಳನ್ನು ಹೊಸದಾಗಿ ಎಳೆದು, ಅವರನ್ನು ಪುಯೆರ್ತೊ ಮೊಂಟ್ ರಾಜಧಾನಿಯಾದ ಹತ್ತನೆಯ ಪ್ರದೇಶಕ್ಕೆ ಸೇರಿಸಿತ್ತು. ಪ್ರತ್ಯೇಕ ಪ್ರದೇಶ ಬೇಕೆಂಬ ಕೂಗು ಫಲಿಸಿದ್ದು 2007ರ ಅಕ್ಟೋಬರ್‌ನಲ್ಲಿ. ನಕ್ಷೆಯಲ್ಲಿ ಒಂಬತ್ತು ಮತ್ತು ಹತ್ತರ ನಡುವೆ ಇರುವ ಲೋಸ್ ರಿಯೋಸ್‌ಗೆ ಸಿಕ್ಕ ಸಂಖ್ಯೆ ಹದಿನಾಲ್ಕು. ಕಚೇರಿಯ ಗಣಿತವೇ ಹಾಗೆ. ಹಂಸಗಳ ಮೊಕದ್ದಮೆ ಇನ್ನೂ ನಿಧಾನವಾಗಿ ನಡೆದು, 2013ರಲ್ಲಿ ನ್ಯಾಯಾಲಯವು ಆ ಹಾನಿಗೆ ಕಾರ್ಖಾನೆಯೇ ಹೊಣೆ ಎಂದು ತೀರ್ಪು ನೀಡಿತು. ಇಂದು ಚಿಲಿಯಲ್ಲಿ ಪರಿಸರ ವ್ಯಾಜ್ಯಗಳಿಗೆಂದೇ ಮೂರು ನ್ಯಾಯಮಂಡಳಿಗಳಿವೆ. ದಕ್ಷಿಣ ಭಾಗದ ಮಂಡಳಿ ಕಲಾಪ ನಡೆಸುವುದು ಪುಯೆರ್ತೊ ಮೊಂಟ್‌ನಲ್ಲಲ್ಲ, ವಾಲ್ಡಿವಿಯಾದಲ್ಲಿ.