ತಾತನ ತೂಬು, ಅಪ್ಪನ ಮಾತ್ರೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮೂರ ಕೆರೆ ಏರಿ. ಮಂಡ್ಯದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಬೆಳಿಗ್ಗೆ ಆರೂವರೆ, ಬಿಸಿಲು ಇನ್ನೂ ಕಬ್ಬಿನ ಗದ್ದೆ ದಾಟಿ ಬಂದಿಲ್ಲ. ಮುಂದೆ ಹೆಗಲಿಗೆ ಟವೆಲ್ ಹಾಕಿಕೊಂಡು ನಡೆಯುತ್ತಿರುವವರು ನಮ್ಮಪ್ಪ.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರಿಗೆ ಬಂದಾಗಲೆಲ್ಲ ಅಪ್ಪನದು ಒಂದೇ ಪ್ರಶ್ನೆ. "ಅದೇನ್ ಓದ್ತಿದ್ದೀಯೋ ವಸಿ ಹೇಳವ್ವ." ಈ ಸಲ ಹೇಳಿಯೇ ಬಿಡೋಣ ಅಂತ ಕ್ಯಾಮೆರಾ ತಂದಿದ್ದೇನೆ.

"ಪೊಟ್ಯಾಸಿಯಂ ಕಾಲುವೆ ಬಗ್ಗೆ ಓದ್ತಿದ್ದೀನಿ ಕಣಪ್ಪ" ಅಂದೆ.

"ಪೊಟ್ಯಾಶ್ ಗೊಬ್ಬರದಲ್ಲಿ ಇರ್ತದಲ್ಲ, ಅದಾ?"

ಅದೇ. ಗದ್ದೆಗೆ ಹಾಕುವ ಪೊಟ್ಯಾಶ್‌ನಲ್ಲಿರುವ ಪೊಟ್ಯಾಸಿಯಂ ನಮ್ಮ ಮೈಯೊಳಗೂ ಇದೆ, ಎಳನೀರಿನಲ್ಲೂ ಇದೆ. ನಮ್ಮ ಒಂದೊಂದು ಜೀವಕೋಶದ ಒಳಗೂ ಅದು ಹೊರಗಿಗಿಂತ ಸುಮಾರು 30 ಪಟ್ಟು ಜಾಸ್ತಿ. ಕೆರೆಯಲ್ಲಿ ನೀರು ಕಟ್ಟಿಕೊಂಡ ಹಾಗೆ ಅಂದುಕೊಳ್ಳಿ. ಕೋಶದ ಸುತ್ತ ಇರುವ ಪೊರೆಯೇ ಏರಿ. ಈ ಏರಿ ಮಣ್ಣಿನದಲ್ಲ, ಕೊಬ್ಬಿನದು. ಎರಡು ಪದರ ಕೊಬ್ಬು, ಅಷ್ಟೇ. ವಿದ್ಯುತ್ ಹೊತ್ತ ಪೊಟ್ಯಾಸಿಯಂ ಕಣಕ್ಕೆ ಈ ಕೊಬ್ಬನ್ನು ತಾನಾಗಿ ದಾಟಲು ಆಗುವುದಿಲ್ಲ. ಅದಕ್ಕೊಂದು ತೂಬು ಬೇಕು. ಪೊರೆಯ ನಡುವೆ ಕೂತ ಆ ತೂಬು ಒಂದು ಪ್ರೊಟೀನ್. ಅದೇ ಪೊಟ್ಯಾಸಿಯಂ ಚಾನಲ್.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಲ್ಲಿನ ಕಂಬಗಳು ಕಾಣುತ್ತಿವೆಯಲ್ಲ, ಇದು ನಮ್ಮ ಕೆರೆಯ ಹಳೇ ತೂಬು. ನಮ್ಮ ತಾತ ಈ ಊರಿಗೆ ನೀರುಗಂಟಿ ಆಗಿದ್ದರು. ಯಾರ ಗದ್ದೆಗೆ ಯಾವತ್ತು ನೀರು, ಎಷ್ಟು ಹೊತ್ತು ಅನ್ನುವುದೆಲ್ಲ ಅವರ ಕೈಯಲ್ಲಿತ್ತು. ತಾತನ ಮಾತು ಆಮೇಲೆ ಮತ್ತೆ ಬರುತ್ತದೆ.

ಈ ಚಾನಲ್ ಹೇಗಿದೆ ಅಂತ ಮೊದಲ ಸಲ ಕಣ್ಣಿಗೆ ಕಂಡದ್ದು 1998ರಲ್ಲಿ. ಅಮೆರಿಕದ ರಾಡರಿಕ್ ಮೆಕಿನನ್ ಮತ್ತು ಅವರ ತಂಡ, ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಚಾನಲ್ ತೆಗೆದುಕೊಂಡು, ಅದನ್ನು ಹರಳು ಮಾಡಿ, ಎಕ್ಸ್‌ರೇ ಹಾಯಿಸಿ ಅದರ ಆಕಾರ ಕಂಡುಹಿಡಿದರು. ಮೆಕಿನನ್ ಓದಿದ್ದು ಡಾಕ್ಟರಿಕೆ. 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ನೀರು ಹಾಯುವ ಚಾನಲ್ ಕಂಡುಹಿಡಿದ ಪೀಟರ್ ಆಗ್ರೆ ಅವರೊಂದಿಗೆ ಅದನ್ನು ಹಂಚಿಕೊಂಡರು.

ಆ ಚಿತ್ರವನ್ನು ಕ್ಲಾಸಿನಲ್ಲಿ ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಥರದ ನಾಲ್ಕು ತುಂಡುಗಳು ಸುತ್ತ ಕೂತಿವೆ. ನಡುವೆ ದಾರಿ. ಆ ದಾರಿಯ ಒಂದು ಕಡೆ ತುಂಬ ಇಕ್ಕಟ್ಟು. ಸೋಸುವ ಕೆಲಸವೆಲ್ಲ ಅಲ್ಲೇ. ಸೋಡಿಯಂ ಕಣ ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಅಲ್ಲಿ ದೊಡ್ಡದು ಹೋಗುತ್ತದೆ, ಚಿಕ್ಕದು ಹೋಗುವುದಿಲ್ಲ! ಯಾವ ಜರಡಿ ಹೀಗೆ ಮಾಡುತ್ತದೆ ಹೇಳಿ?

ಗುಟ್ಟು ಇರುವುದು ನೀರಿನಲ್ಲಿ. ಈ ಕಣಗಳು ಯಾವಾಗಲೂ ಸುತ್ತ ನೀರಿನ ಅಣುಗಳನ್ನು ಹೊದ್ದುಕೊಂಡೇ ಇರುತ್ತವೆ. ಇಕ್ಕಟ್ಟಿನೊಳಗೆ ನುಗ್ಗಬೇಕಾದರೆ ಆ ಹೊದಿಕೆ ಬಿಚ್ಚಬೇಕು. ಬಿಚ್ಚುವುದು ಸುಲಭವಲ್ಲ, ಅದಕ್ಕೆ ಶಕ್ತಿ ಬೇಕು. ಆ ದಾರಿಯ ಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಹೊದ್ದ ನೀರು ಪೊಟ್ಯಾಸಿಯಂ ಸುತ್ತ ಎಷ್ಟು ದೂರದಲ್ಲಿ ಇತ್ತೋ ಸರಿಯಾಗಿ ಅಷ್ಟೇ ದೂರದಲ್ಲಿ. ಹಾಗಾಗಿ ನೀರು ಬಿಟ್ಟು ಬಂದರೂ ಪೊಟ್ಯಾಸಿಯಂಗೆ ನೀರಿನಲ್ಲೇ ಇದ್ದ ಹಾಗೆ. ಸೋಡಿಯಂ ಚಿಕ್ಕದಲ್ವಾ, ಆ ಆಮ್ಲಜನಕಗಳು ಅದಕ್ಕೆ ಸರಿಯಾಗಿ ಎಟುಕುವುದಿಲ್ಲ. ನೀರು ಕಳಚಿದ ನಷ್ಟ ತುಂಬುವುದಿಲ್ಲ. ಅದಕ್ಕೇ ಅದು ಹೊರಗೇ ಉಳಿಯುತ್ತದೆ. ಇಷ್ಟೆಲ್ಲ ಆರಿಸಿ, ಸೋಸಿ, ಒಂದರ ಹಿಂದೆ ಒಂದನ್ನು ಬಿಟ್ಟರೂ, ಒಂದು ಸೆಕೆಂಡಿಗೆ ಸುಮಾರು 10 ಕೋಟಿ ಕಣಗಳು ದಾಟಬಲ್ಲವು.

ಅಪ್ಪ ಇಲ್ಲಿ ತಡೆದರು. "ಸರಿ ಕಣವ್ವ. ತೂಬು ಅಂದ್ಮೇಲೆ ಎತ್ತೋರು ಯಾರು?"

ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ನಾವು ಪಿಯುಸಿಯಲ್ಲಿ ಬರೆದ ಚಿತ್ರ ನೆನಪಿದೆಯಾ? ತಲೆ ಗುಂಡಗೆ, ಎರಡು ಬಾಲ, ಹೀಗೆ ಕೊಬ್ಬಿನ ಅಣುಗಳ ಸಾಲು. ನಡುವೆ ದೊಡ್ಡದಾಗಿ ಒಂದು ಪ್ರೊಟೀನ್. ಕೊಬ್ಬು ಸುಮ್ನೆ ಗೋಡೆ, ಪ್ರೊಟೀನೇ ಎಲ್ಲ ಕೆಲಸ ಮಾಡುತ್ತದೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಅದು ಹಾಗಿಲ್ಲ. ಆ ಬ್ಯಾಕ್ಟೀರಿಯಾದ ಚಾನಲನ್ನೇ ತೆಗೆದುಕೊಳ್ಳಿ. ಋಣ ವಿದ್ಯುತ್ ಇರುವ ಕೊಬ್ಬು ಒಂದಿಷ್ಟೂ ಇಲ್ಲದ ಕೃತಕ ಪೊರೆಯಲ್ಲಿ ಅದನ್ನು ಕೂರಿಸಿದರೆ ತೂಬು ಇರುತ್ತದೆ, ಹರಿವು ಇರುವುದಿಲ್ಲ. ಕೊಬ್ಬಿನ ಅಣು ಬಂದು ಎರಡು ತುಂಡುಗಳ ಸಂದಿಯಲ್ಲಿ ಅಂಟಿ ಕೂತರೇನೇ ಅದು ಕೆಲಸ ಮಾಡುವುದು.

ನಮ್ಮ ಕೋಶಗಳಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ಕೊಬ್ಬು ಇದೆ. ಚಿಕ್ಕದಾಗಿ ಪಿಪ್-2 ಅನ್ನುತ್ತಾರೆ. ಪೊರೆಯ ಕೊಬ್ಬಿನಲ್ಲೆಲ್ಲ ಇದರ ಪಾಲು ತೀರ ಕಡಿಮೆ. ಇರುವುದು ಒಳಗಿನ ಪದರದಲ್ಲಿ. ಇದರ ತಲೆ ತುಂಬ ಋಣ ವಿದ್ಯುತ್. ಚಾನಲಿನ ಬುಡದಲ್ಲಿ ಧನ ವಿದ್ಯುತ್ ಇರುವ ಜಾಗಗಳಿವೆ. ಪಿಪ್-2 ಹೋಗಿ ಅಲ್ಲಿ ಹಿಡಿದುಕೊಳ್ಳುತ್ತದೆ. 2011ರಲ್ಲಿ ಮೆಕಿನನ್ ತಂಡ ಇದನ್ನೂ ಚಿತ್ರದಲ್ಲಿ ತೋರಿಸಿತು. ಪಿಪ್-2 ಹಿಡಿದ ಕೂಡಲೇ, ಕೋಶದ ಒಳಕ್ಕೆ ಇಳಿಬಿದ್ದಿರುವ ಚಾನಲಿನ ಭಾಗ ಮೇಲಕ್ಕೆ, ಪೊರೆಯ ಹತ್ತಿರಕ್ಕೆ ಸರಿಯುತ್ತದೆ. ದಾರಿ ತೆರೆಯುವುದಕ್ಕೆ ಅದು ಬೇಕು.

"ಹಂಗಾರೆ ಅದು ನಮ್ಮಪ್ಪ ಕಣವ್ವ!" ಅಂದರು ಅಪ್ಪ. ಹೌದು, ಪಿಪ್-2 ನೀರುಗಂಟಿ. ಆದರೆ ಒಂದು ವ್ಯತ್ಯಾಸ ಇದೆ. ತಾತ ಏರಿ ಮೇಲೆ ನಿಂತು ತೂಬು ಎತ್ತುತ್ತಿದ್ದರು. ಇಲ್ಲಿ ಏರಿಯ ಮಣ್ಣೇ ಎದ್ದು ಬಂದು ತೂಬಿಗೆ ಕೈ ಹಾಕುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಈ ಹಿಡಿತ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಆಂಡರ್ಸನ್-ಟವಿಲ್ ಅನ್ನುವ ಅಪರೂಪದ ಕಾಯಿಲೆ ಬಂದವರಲ್ಲಿ ಕೆಲವರಿಗೆ, ಜೀನ್‌ನಲ್ಲಿನ ತಪ್ಪಿನಿಂದ ಚಾನಲ್ ಪಿಪ್-2 ಅನ್ನು ಸರಿಯಾಗಿ ಹಿಡಿಯಲಾರದು. ಎದೆ ಬಡಿತ ತಪ್ಪುತ್ತದೆ. ಆಗಾಗ ಕೈಕಾಲು ಬಿದ್ದುಹೋದ ಹಾಗಾಗುತ್ತದೆ.

ಅಪ್ಪನಿಗೆ ಇನ್ನೊಂದು ಅನುಮಾನ. "ಡಾಕ್ಟ್ರು ಕೊಬ್ಬು ಕಮ್ಮಿ ಮಾಡು ಅಂತಾರೆ, ನೀನು ನೋಡಿದ್ರೆ ಕೊಬ್ಬೇ ನೀರುಗಂಟಿ ಅಂತೀಯ." ಸರಿಯಾದ ಮಾತು. ಹೊಟ್ಟೆ ಸುತ್ತ ಶೇಖರವಾಗುವ ಕೊಬ್ಬು ಬೇರೆ, ಪೊರೆ ಕಟ್ಟುವ ಕೊಬ್ಬು ಬೇರೆ. ಪೊರೆಯಲ್ಲಿರುವುದೆಲ್ಲ ತೂಬು ಎತ್ತುವುದೂ ಇಲ್ಲ. ಕೊಲೆಸ್ಟ್ರಾಲ್ ಕೂಡ ಪೊರೆಯಲ್ಲೇ ಇರುತ್ತದೆ. ಲ್ಯಾಬಿನಲ್ಲಿ ಕೋಶಗಳಿಗೆ ಅದನ್ನು ಜಾಸ್ತಿ ಕೊಟ್ಟಾಗ ಇದೇ ಜಾತಿಯ ಕೆಲವು ಚಾನಲ್‌ಗಳ ಹರಿವು ಕಡಿಮೆಯಾಗುತ್ತದೆ.

ಈಗ ಮನೆ. ಹಿಂದೆ ಕೇಳುತ್ತಿರುವುದು ಅವ್ವ ಮುದ್ದೆ ತೊಳೆಸುವ ಸದ್ದು. ಅಪ್ಪನ ಕೈಯಲ್ಲಿರುವುದು ಗ್ಲಿಮೆಪಿರೈಡ್, ಸಕ್ಕರೆ ಕಾಯಿಲೆಯ ಮಾತ್ರೆ. ನಾನು ಇಷ್ಟು ಹೊತ್ತು ಹೇಳಿದ್ದು ಈ ಮಾತ್ರೆಗೋಸ್ಕರ. ಇನ್ಸುಲಿನ್ ತಯಾರಿಸುವ ಕೋಶಗಳಲ್ಲೂ ಒಂದು ಪೊಟ್ಯಾಸಿಯಂ ತೂಬು ಇದೆ. ಪಿಪ್-2 ಅದನ್ನು ತೆರೆದಿಡಲು ನೋಡುತ್ತದೆ. ನಾವು ಊಟ ಮಾಡಿ ಸಕ್ಕರೆ ಏರಿದಾಗ ಕೋಶದೊಳಗೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಹೆಚ್ಚಾಗುತ್ತದೆ, ಅದು ತೂಬು ಮುಚ್ಚುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವುದು ನಿಲ್ಲುತ್ತದೆ, ಪೊರೆಯ ವೋಲ್ಟೇಜ್ ಬದಲಾಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಬರುತ್ತದೆ. ಅಪ್ಪನ ಮಾತ್ರೆ ಮಾಡುವುದೂ ಅದೇ ಕೆಲಸ. ಹೋಗಿ ತೂಬು ಮುಚ್ಚುತ್ತದೆ.

ಅಪ್ಪ ಮಾತ್ರೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು. "ಹೊಟ್ಟೇಲಿ ಊಟ ಅದೆಯೋ ಇಲ್ವೋ ಅಂತ ಮಾತ್ರೆಗೆ ಗೊತ್ತಾಯ್ತದಾ?"

ಗೊತ್ತಾಗುವುದಿಲ್ಲ. ಸಕ್ಕರೆ ಕಡಿಮೆ ಇದ್ದರೂ ಮುಚ್ಚುತ್ತದೆ, ಇನ್ಸುಲಿನ್ ಬರುತ್ತಲೇ ಇರುತ್ತದೆ. ಹೋದ ತಿಂಗಳು ಮಾತ್ರೆ ನುಂಗಿ, ಊಟ ಮಾಡದೆ ಗದ್ದೆಗೆ ಹೋಗಿದ್ದಾಗ ಅಪ್ಪನಿಗೆ ಕೈ ನಡುಗಿ, ಬೆವರು ಕಿತ್ತುಕೊಂಡು, ಬದುವಿನ ಮೇಲೆ ಕೂತುಬಿಟ್ಟಿದ್ದರು. ಬಿಸಿಲಿಗೆ ಅಂದುಕೊಂಡಿದ್ದೆವು.

ಅಪ್ಪ ಮೊದಲು ತಟ್ಟೆ ಎಳೆದುಕೊಂಡರು. ಅವ್ವ ಏನೂ ಮಾತಾಡಲಿಲ್ಲ. ಡಬ್ಬಿಯಿಂದ ಅಚ್ಚು ಬೆಲ್ಲ ತೆಗೆದು, ಒಂದು ಚೂರು ಮುರಿದು, ಅಪ್ಪನ ಟವೆಲಿನ ತುದಿಗೆ ಕಟ್ಟಿದರು.