ಬಿರುಗಾಳಿಗೆ ದುಡ್ಡು ಸುರಿಯಬೇಡಿ

ಎಲ್ಲರಿಗೂ ನಮಸ್ಕಾರ.

ಹಡಗು ಒಡೆಯುತ್ತದೆ. ಅಪ್ಪ, ಅಮ್ಮ, ಮಕ್ಕಳು ಈಜಿಕೊಂಡು ಯಾರೂ ಇಲ್ಲದ ದ್ವೀಪ ಸೇರುತ್ತಾರೆ. ಒಂದೂವರೆ ಗಂಟೆ ಒದ್ದಾಡಿ ಕೊನೆಗೆ ಪಾರಾಗುತ್ತಾರೆ. ಕೈಯಲ್ಲಿ ಕಾಸು ಕಮ್ಮಿ ಇರುವ ನಿರ್ಮಾಪಕರಿಗೆ ಈ ಕಥೆ ಅಂದರೆ ಬಹಳ ಪ್ರೀತಿ. ಐದಾರು ಜನ ನಟರು ಸಾಕು. ಸೆಟ್ ಹಾಕುವುದು ಬೇಡ, ಮರಳು, ಮರ, ಆಕಾಶ ಎಲ್ಲ ಪುಕ್ಕಟೆ. ಇಡೀ ಸಿನಿಮಾಕ್ಕೆ ಒಬ್ಬೊಬ್ಬರಿಗೆ ಒಂದೇ ಜೊತೆ ಬಟ್ಟೆ. ಕಾಗದದ ಮೇಲೆ ಲೆಕ್ಕ ಚೆನ್ನಾಗೇ ಕಾಣುತ್ತದೆ.

ಎಡವುವುದು ಅದೇ ಬಟ್ಟೆಯಲ್ಲಿ. ಕಥೆಯಲ್ಲಿ ಅಪ್ಪನ ಅಂಗಿ ಮೊದಲು ಹೊಸದು, ಆಮೇಲೆ ತೋಳು ಹರಿದಿದೆ, ಕೊನೆಗೆ ಚಿಂದಿ. ಆದರೆ ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಕೊನೆಯ ಸೀನ್, ಮಧ್ಯಾಹ್ನ ಮೊದಲ ಸೀನ್. ಹಾಗಾಗಿ ಒಂದೇ ಅಂಗಿಯ ನಾಲ್ಕೈದು ಕಾಪಿ ಬೇಕು, ಒಂದೊಂದೂ ಒಂದೊಂದು ಹಂತಕ್ಕೆ ಹರಿದದ್ದು. ಸಮುದ್ರವೂ ನಿಮ್ಮ ಶೆಡ್ಯೂಲ್ ಕೇಳುವುದಿಲ್ಲ. ಹೆಚ್ಚಿನ ಕಡೆ ಭರತ ಇಳಿಯಲು ಆರು ಗಂಟೆ ಚಿಲ್ಲರೆ ಸಾಕು. ಅಪ್ಪನ ಕ್ಲೋಸಪ್‌ನಲ್ಲಿ ಹಿಂದೆ ಅಲೆ, ಊಟ ಮುಗಿಸಿ ಬಂದು ತೆಗೆದ ಮಗನ ಕ್ಲೋಸಪ್‌ನಲ್ಲಿ ಬರೀ ಒದ್ದೆ ಮರಳು. ಆ ಮರಳಿನ ಮೇಲೆ ಯೂನಿಟ್ಟಿನವರ ಚಪ್ಪಲಿ ಗುರುತು ಬೇರೆ.

ಶಬ್ದದ ಕಥೆ ಇನ್ನೂ ಕಷ್ಟ. ಅಲೆಯ ಮೊರೆತ ಮಾತನ್ನು ನುಂಗುತ್ತದೆ. ಅಲೆ ಏರುತ್ತಿರುವಾಗ ಶಾಟ್ ಕಟ್ ಮಾಡಿದರೆ ಮುಂದಿನ ಶಾಟ್‌ನಲ್ಲಿ ಅದು ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೆ. ಹೀಗಾಗಿ ತೀರದಲ್ಲಿ ಆಡಿದ ಮಾತಿನ ಬಹುಪಾಲನ್ನು ಆಮೇಲೆ ಡಬ್ ಮಾಡಬೇಕಾಗುತ್ತದೆ. ಬಜೆಟ್ ಬರೆಯುವಾಗ ಈ ಸಾಲು ಯಾರಿಗೂ ನೆನಪಾಗುವುದಿಲ್ಲ.

ಎಲ್ಲರಿಗೂ ನೆನಪಾಗುವುದು ಬಿರುಗಾಳಿ. ಇದ್ದ ದುಡ್ಡಿನ ಅರ್ಧ ಅಲ್ಲಿಗೇ ಹೋಗುತ್ತದೆ. ನೀರಿನ ಟ್ಯಾಂಕ್, ದೊಡ್ಡ ಫ್ಯಾನ್, ಮುರಿಯುವ ಹಾಯಿಕಂಬ. ಇಷ್ಟಾದರೂ ನೋಡುವವರು ಅದಕ್ಕಿಂತ ದೊಡ್ಡ ಬಿರುಗಾಳಿಯನ್ನು ಬೇರೆ ಸಿನಿಮಾದಲ್ಲಿ ನೋಡಿಯೇ ಬಂದಿರುತ್ತಾರೆ. ನಿಮ್ಮದು ಸಪ್ಪೆ. ಅದರ ಬದಲು ರಾತ್ರಿ ಮಾಡಿಬಿಡಿ. ಒಂದು ಸಣ್ಣ ಕ್ಯಾಬಿನ್, ತೂಗಾಡುವ ಲಾಟೀನು, ಎಡಕ್ಕೂ ಬಲಕ್ಕೂ ವಾಲುವ ಕ್ಯಾಮೆರಾ. ಬಾಗಿಲ ಸಂದಿಯಿಂದ ಎರಡು ಬಕೆಟ್ ನೀರು. ಅಮ್ಮನ ಕೈ ಮಗುವಿನ ಮಣಿಕಟ್ಟು ಹಿಡಿದಿದೆ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ. ಲಾಟೀನು ಆರುತ್ತದೆ. ಮಿಕ್ಕಿದ್ದನ್ನು ಶಬ್ದ ನೋಡಿಕೊಳ್ಳುತ್ತದೆ.

ಪ್ರಾಣಿಗಳ ವಿಷಯಕ್ಕೆ ಬರೋಣ. ಈ ಬಗೆಯ ಕಥೆಗಳಿಗೆ ತಾಯಿಬೇರು 1812ರಲ್ಲಿ ಬಂದ 'ಸ್ವಿಸ್ ಫ್ಯಾಮಿಲಿ ರಾಬಿನ್ಸನ್' ಎಂಬ ಪುಸ್ತಕ. ಯೋಹಾನ್ ಡೇವಿಡ್ ವೀಸ್ ಎಂಬ ಸ್ವಿಸ್ ಪಾದ್ರಿ ತನ್ನ ಗಂಡುಮಕ್ಕಳಿಗಾಗಿ ಹೇಳಿದ ಕಥೆ. ಪಾಠ ಹೇಳುವ ಉತ್ಸಾಹದಲ್ಲಿ ಆತ ಪೆಂಗ್ವಿನ್, ಕಾಂಗರೂ, ಸಿಂಹ ಎಲ್ಲವನ್ನೂ ಒಂದೇ ಕಡೆ ಸೇರಿಸಿಬಿಟ್ಟ. 1960ರಲ್ಲಿ ಡಿಸ್ನಿ ಕಂಪನಿ ಅದನ್ನು ಟೊಬಾಗೊ ದ್ವೀಪದಲ್ಲಿ ಸಿನಿಮಾ ಮಾಡಿದಾಗ ಹುಲಿ, ಆನೆ, ಆಸ್ಟ್ರಿಚ್‌ಗಳನ್ನು ಹೊರಗಿನಿಂದ ತರಿಸಿತು. ಅವರಿಗೆ ನಡೆಯುತ್ತದೆ. ದುಡ್ಡಿಲ್ಲದವರು ಏನು ಮಾಡುತ್ತಾರೆ? ಎಲ್ಲೋ ತೆಗೆದ ಹುಲಿಯ ತುಣುಕು ತಂದು ನಡುವೆ ಅಂಟಿಸುತ್ತಾರೆ. ಹುಡುಗ ನೋಡುವ ಬಿಸಿಲೇ ಬೇರೆ, ಹುಲಿ ನಿಂತ ಬಿಸಿಲೇ ಬೇರೆ. ಇದನ್ನು ಮೊದಲು ಹಿಡಿಯುವವರು ಮಕ್ಕಳು, ಅಲ್ವಾ? ಒಂದು ಏಡಿ ಸಾಕಿತ್ತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ. ಇದು ಟಿಕೆಟ್ ತಗೊಳ್ಳುವಾಗಲೇ ಎಲ್ಲರಿಗೂ ಗೊತ್ತು. ಹಾಗಾಗಿ 'ಬದುಕುತ್ತಾರಾ ಇಲ್ಲವಾ' ಅನ್ನುವ ಪ್ರಶ್ನೆಯಿಂದ ಕುತೂಹಲ ಹುಟ್ಟುವುದಿಲ್ಲ. ಆದರೆ ಬೆಂಕಿ ಆರಬಹುದು. ಮಳೆನೀರು ತುಂಬಿದ ಪಾತ್ರೆ ಮಗುಚಬಹುದು. ಅದನ್ನು ನೋಡುವವರು ನಂಬುತ್ತಾರೆ. ಹೀಗಿದ್ದೂ ಎಷ್ಟೋ ಸಿನಿಮಾಗಳಲ್ಲಿ ಬೆಂಕಿ ಒಂದು ಕಟ್‌ನಲ್ಲಿ ಹತ್ತಿಕೊಳ್ಳುತ್ತದೆ, ಗುಡಿಸಲು ಒಂದು ಹಾಡಿನಲ್ಲಿ ಎದ್ದು ನಿಲ್ಲುತ್ತದೆ. ಆಮೇಲೆ ಮಾಡಲು ಕೆಲಸವಿಲ್ಲದೆ ಬರಹಗಾರರು ಕಡಲ್ಗಳ್ಳರನ್ನು ಕರೆತರುತ್ತಾರೆ.

ನಿಜವಾಗಿ ನಡೆದದ್ದನ್ನು ನೋಡಿ. 1965ರಲ್ಲಿ ಪೆಸಿಫಿಕ್ ಸಾಗರದ ಟೋಂಗಾ ದೇಶದ ಆರು ಶಾಲಾ ಹುಡುಗರು ದೋಣಿ ಹತ್ತಿ ಹೊರಟು, ಬಿರುಗಾಳಿಗೆ ಸಿಕ್ಕಿ, ದಿನಗಟ್ಟಲೆ ತೇಲಿ ಅಟಾ ಎಂಬ ಜನರಿಲ್ಲದ ದ್ವೀಪ ಸೇರಿದರು. ಆಸ್ಟ್ರೇಲಿಯಾದ ಪೀಟರ್ ವಾರ್ನರ್ 1966ರಲ್ಲಿ ಅವರನ್ನು ಕಂಡು ಕರೆತಂದರು. ಸುಮಾರು 15 ತಿಂಗಳು ಅವರು ಅಲ್ಲಿದ್ದರು. ಮರದ ಕಾಂಡ ಟೊಳ್ಳು ಮಾಡಿ ಮಳೆನೀರು ಹಿಡಿದರು. ಒಮ್ಮೆ ಹತ್ತಿಸಿದ ಬೆಂಕಿಯನ್ನು ಸರದಿ ಹಾಕಿಕೊಂಡು ಒಂದು ವರ್ಷಕ್ಕೂ ಜಾಸ್ತಿ ಆರದ ಹಾಗೆ ಕಾದರು. ಒಬ್ಬನ ಕಾಲು ಮುರಿದಾಗ ಉಳಿದವರೇ ಕಟ್ಟು ಹಾಕಿದರು, ಅದು ಕೂಡಿಕೊಂಡಿತು. ಇದರಲ್ಲಿ ಹುಲಿ ಎಲ್ಲಿದೆ? ಕಳ್ಳರು ಎಲ್ಲಿದ್ದಾರೆ? ರಾತ್ರಿ ಸರದಿಯಲ್ಲಿ ಕೂತ ಹುಡುಗನಿಗೆ ತೂಕಡಿಕೆ ಬರುತ್ತಿದೆ ಅನ್ನುವುದೊಂದೇ ಇಡೀ ಸೀನ್ ಹೊರುತ್ತದೆ.

ಇಂಥ ಕೆಲಸ ತೋರಿಸುವಾಗ ವಿವರ ಸರಿಯಿರಲಿ. ದೂರದ್ದು ಕಾಣದವರ ಕನ್ನಡಕದಿಂದ ಬೆಂಕಿ ಹತ್ತುವುದಿಲ್ಲ, ಆ ಗಾಜು ಬಿಸಿಲನ್ನು ಕೂಡಿಸುವ ಬದಲು ಚದುರಿಸುತ್ತದೆ. ಅಜ್ಜಿಯ ಚಾಳೀಸು ಆದರೆ ಸರಿ. ಬಾಯಾರಿದವರು ಕಡಲ ನೀರು ಕುಡಿಯಬಾರದು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದನ್ನು ಹೊರಹಾಕಲು ದೇಹ ಇನ್ನಷ್ಟು ನೀರು ಖರ್ಚು ಮಾಡುತ್ತದೆ. ಇದನ್ನು ಅಪ್ಪ ಭಾಷಣ ಮಾಡಿ ಹೇಳಬೇಕಿಲ್ಲ. ಪುಟ್ಟ ತಮ್ಮ ಬೊಗಸೆಯಲ್ಲಿ ನೀರು ಎತ್ತಿದಾಗ ಅಕ್ಕ ಅದನ್ನು ತಟ್ಟಿ ಚೆಲ್ಲಲಿ.

ಮಕ್ಕಳಿಗೆ ನಟನೆ ಕಲಿಸಲು ಹೋಗಬೇಡಿ, ಕೈಗೆ ನಿಜವಾದ ಕೆಲಸ ಕೊಡಿ. ಬ್ರಿಟಿಷ್ ನಿರ್ದೇಶಕ ಪೀಟರ್ ಬ್ರೂಕ್ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರ ಬಗ್ಗೆ 'ಲಾರ್ಡ್ ಆಫ್ ದಿ ಫ್ಲೈಸ್' ಎಂಬ ಸಿನಿಮಾವನ್ನು ಕಮ್ಮಿ ದುಡ್ಡಿನಲ್ಲಿ ಮಾಡಿದರು, 1963ರಲ್ಲಿ ತೆರೆಗೆ ಬಂತು. ನಟಿಸಿ ಗೊತ್ತಿಲ್ಲದ ಹುಡುಗರನ್ನೇ ಆರಿಸಿ, ಮಾತನ್ನು ಬಹುಪಾಲು ಅವರಿಗೇ ಬಿಟ್ಟಿದ್ದರು. ಅದು ಮಕ್ಕಳ ಸಿನಿಮಾ ಅಲ್ಲ, ಭಯಂಕರ ಕಥೆ. ಆದರೂ ಆ ಹುಡುಗರು ಕಟ್ಟಿಗೆ ಹೊರುವ ರೀತಿ ಒಮ್ಮೆ ನೋಡಿ.

ಕೊನೆಗೆ ಪಾರಾಗುವ ಸೀನ್. ಹೆಲಿಕಾಪ್ಟರ್ ಬರುತ್ತದೆ, ಎಲ್ಲರೂ ಕೈ ಬೀಸುತ್ತಾರೆ, ತಬ್ಬಿಕೊಳ್ಳುತ್ತಾರೆ. ನಿಜವಾಗಿ ಪಾರಾದವನ ಕಥೆ ಬೇರೆ ಥರ ಇತ್ತು. ಅಲೆಕ್ಸಾಂಡರ್ ಸೆಲ್ಕಿರ್ಕ್ ಎಂಬ ನಾವಿಕ ದಕ್ಷಿಣ ಅಮೆರಿಕದ ಚಿಲಿ ತೀರದಾಚೆಯ ಒಂದು ದ್ವೀಪದಲ್ಲಿ 1704ರಿಂದ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬನೇ ಇದ್ದ. 1709ರಲ್ಲಿ ಅವನನ್ನು ಹತ್ತಿಸಿಕೊಂಡ ಹಡಗಿನ ಕ್ಯಾಪ್ಟನ್ ವುಡ್ಸ್ ರೋಜರ್ಸ್ ಬರೆದಿಟ್ಟಿದ್ದಾನೆ: ಆಡಿನ ಚರ್ಮ ಉಟ್ಟಿದ್ದ, ಮಾತು ಅರ್ಧರ್ಧವೇ ಹೊರಡುತ್ತಿತ್ತು, ಕೊಟ್ಟ ಮದ್ಯ ಮುಟ್ಟಲಿಲ್ಲ, ಹಡಗಿನ ಊಟ ಬಾಯಿಗೆ ಹಿಡಿಸಲು ಸ್ವಲ್ಪ ಕಾಲ ಬೇಕಾಯಿತು. ಇದನ್ನು ತೆಗೆಯಲು ಒಂದು ಸಣ್ಣ ದೋಣಿ, ಒಂದು ತಟ್ಟೆ ಊಟ, ಅದನ್ನು ಅನುಮಾನದಿಂದ ನೋಡುವ ಒಬ್ಬ ಹುಡುಗ ಸಾಕು. ಹೆಲಿಕಾಪ್ಟರ್ ಬಾಡಿಗೆ ಉಳಿಯಿತಲ್ಲ, ಅದನ್ನು ಡಬ್ಬಿಂಗ್‌ಗೆ ಎತ್ತಿಡಿ. ಖಂಡಿತ ಬೇಕಾಗುತ್ತದೆ.